ಕಲ್ಯಾಣದ ಗಾಳವೂ ಕಾಯಿದೆಯ ಬಲೆಯೂ

ಕಲ್ಯಾಣವೆಂದೊಡನೆ ನಮಗೆ ನೆನಪಾಗುವವರು ಬಸವಣ್ಣನವರು. ಅಲ್ಲಿಯ ಮೀನನ್ನು ನೆನೆಯುವವರು ವಿರಳ. ಆದರೂ ಮೀನು ಹಿಡಿಯುವ ವಿದ್ಯೆಯನ್ನು ಕುರಿತ ನಮ್ಮ ದೇಶದ ಹಳೆಯ ಬರಹಗಳಲ್ಲಿ ಬಹು ವಿವರವಾದುದೊಂದು ಈ ಊರಿನ ಅರಸನದೇ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರ ವೇಳೆಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಪ್ರಕರಣವುಂಟು. ಯಾವ ಮೀನು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಎಂತಹ ಮೇವು, ಗಾಳ ಹೇಗಿರಬೇಕು ಎಂಬುದೆಲ್ಲವೂ ಅಲ್ಲಿದೆ. ಅರಸನು ಮೊದಲು ಮೀನಿಗೆ ಮೇವಿಕ್ಕಿಸುತ್ತಾನೆ, ಅನಂತರ ಗಾಳ ಹಾಕುತ್ತಾನೆ. ಗಾಳಕ್ಕೆ ಸಿಕ್ಕುವುದು ಒಂದು ಮೀನು. ಮಿಕ್ಕವು ನೀರಿನಲ್ಲಿಯೇ ಉಳಿಯುತ್ತವೆ.

ಮೀನಿಗೂ ಕಟ್ಟಳೆಯ ರಕ್ಷಣೆ ಬೇಕೆಂಬುದು ಇನ್ನೂ ಹಳೆಯ ಮಾತು. ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಗೊತ್ತಾದ ಹುಣ್ಣಿಮೆ ಮೊದಲಾದ ದಿನಗಳಲ್ಲಿ ಮೀನನ್ನು ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸಿದನು.

ಸಿಡಿಮದ್ದು ಸುಲಭವಾಗಿ ಕೈಗೆ ಸಿಕ್ಕಿದ ಮೇಲೆ ಪಾಡು ಬೇರೆಯಾಯಿತು. ಒಂದು ಸಿಡಿತಕ್ಕೆ ಮಡುವಿನ ಮೀನು ಮರಿಗಳೊಡನೆ ಸಾಯುತ್ತದೆ. ತೇಲಿದ್ದು ಕಳ್ಳನಿಗೆ, ಮುಳುಗಿದ್ದು ಯಾರಿಗೂ ಇಲ್ಲ. ಆದುದರಿಂದ 1897ರ ಇಂಡಿಯಾ ಮೀನುಗಾರಿಕೆ ಕಾಯಿದೆಯು ಸಿಡಿಮದ್ದನ್ನೂ ವಿಷವನ್ನೂ ಅಪರಾಧವೆಂದು ಸಾರಿ, ಎರಡು ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿಗಳವರೆಗೆ ದಂಡ ವಿಧಿಸಿತು. ಬಲೆಯ ಕಣ್ಣು ಎಷ್ಟಿರಬೇಕೆಂದು ನಿಯಮ ಮಾಡುವ ಅಧಿಕಾರವನ್ನೂ ಕೊಟ್ಟಿತು. ಆದರೆ ಅದು ಬ್ರಿಟಿಷ್ ಇಂಡಿಯದ ಕಾಯಿದೆ. ಮೈಸೂರು ಸಂಸ್ಥಾನವು 1901ರಲ್ಲಿ ತನ್ನದೇ ಆದ ಬೇಟೆ ಮತ್ತು ಮೀನು ಸಂರಕ್ಷಣೆಯ ರೆಗ್ಯುಲೇಷನ್ನನ್ನು ಹೊರಡಿಸಿತು. ಕಲ್ಯಾಣ, ಹುಮನಾಬಾದುಗಳು ಆಗ ನಿಜಾಮರ ಸೀಮೆ. ಅವು ಮೈಸೂರು ರಾಜ್ಯವನ್ನು ಸೇರಿದುದು 1956ರಲ್ಲಿ. ಒಳನಾಡ ಮೀನುಗಾರಿಕೆಯನ್ನು ಕುರಿತ ಕರ್ನಾಟಕದ ಕಾಯಿದೆ ಹುಟ್ಟಿದುದು 1996ರಲ್ಲಿ.

ಈ ಕಾಯಿದೆಗಳು ಬೆಸ್ತರ ಅನ್ನವನ್ನು ಕಸಿಯುವುದಕ್ಕಾಗಿ ಹುಟ್ಟಿದುವಲ್ಲ. ಬಯಲುಸೀಮೆಯ ಕೆರೆಯಲ್ಲಿ ಬೇಸಗೆಗೆ ನೀರು ತಗ್ಗುತ್ತದೆ, ಮೀನೆಲ್ಲ ಒಂದು ಮಡುವಿಗೆ ಬಂದು ಸೇರುತ್ತದೆ. ಕೆರೆಯನ್ನು ಗುತ್ತಿಗೆ ಹಿಡಿದು ಮರಿ ಬಿಟ್ಟವನು ವರ್ಷವೆಲ್ಲ ಕಾದಿರುತ್ತಾನೆ. ಒಂದು ರಾತ್ರಿಯ ವಿಷ ಅವನನ್ನು ಸಾಲಗಾರನನ್ನಾಗಿ ಮಾಡಬಲ್ಲದು. ಕೆರೆ ಕೆರೆಗೂ ಕಾವಲುಗಾರನನ್ನು ನಿಲ್ಲಿಸುವುದು ಸರ್ಕಾರದಿಂದ ಆಗುವ ಕೆಲಸವಲ್ಲ. ವಿಷದ ಮೀನು ಅಗ್ಗವೆಂದು ಕೊಳ್ಳುವ ಪಟ್ಟಣಿಗರಾದ ನಾವೂ ಅಪರಾಧದಲ್ಲಿ ಪಾಲುಗಾರರೇ. ಮೇವಿಕ್ಕಿದ ಮೇಲೆ ಗಾಳ ಹಾಕಿದ ಕಲ್ಯಾಣದ ಅರಸನಿಗೆ ಮೀನು ವಿನೋದವಾಗಿತ್ತು. ಕೆರೆಯ ದಡದಲ್ಲಿ ಬಾಳುವವನಿಗೆ ಅದು ನಾಳೆಯ ಅನ್ನ. ಆ ನಾಳೆಯನ್ನು ಉಳಿಸುವುದೇ ಕಾಯಿದೆಯ ಉದ್ದೇಶ.