ಸರ್ಕಿಟ್ ವಿನ್ಯಾಸದ ಮುಕ್ತ ತಂತ್ರಾಂಶ: ಬಂದ ದಾರಿ, ಆಗಬೇಕಾದ ಕೆಲಸ

ಎಲೆಕ್ಟ್ರಾನಿಕ್ಸ್ ಉದ್ಯಮಕ್ಕೆ ಬೇಕಾದ ಎಷ್ಟೋ ಸೌಲಭ್ಯಗಳು ಮೈಸೂರಿನ ಸುತ್ತಮುತ್ತಲೇ ಇವೆ. ನಂಜನಗೂಡಿನಲ್ಲಿ ಆಸ್ಟ್ರಿಯಾ ಮೂಲದ ಎಟಿ ಅಂಡ್ ಎಸ್ ಕಂಪನಿ ಪಿಸಿಬಿ, ಅಂದರೆ ಸರ್ಕಿಟ್ ಬೋರ್ಡ್ ತಯಾರಿಸುತ್ತದೆ; ಇಂಡಾಲ್ ಎಲೆಕ್ಟ್ರಾನಿಕ್ಸ್‌ನ ಘಟಕವನ್ನು ಅದು ಕೊಂಡದ್ದು 1999ರಲ್ಲಿ. ಬಿಡಿಭಾಗ ಕೂರಿಸಿ ಬೋರ್ಡ್ ಸಿದ್ಧಪಡಿಸುವ ಕೇನ್ಸ್ ಟೆಕ್ನಾಲಜಿ 1988ರಲ್ಲಿ ಇಲ್ಲೇ ಹುಟ್ಟಿದ್ದು. ಇಂಜಿನಿಯರುಗಳನ್ನು ತಯಾರು ಮಾಡಲು 1946ರ ಎನ್‌ಐಇ, 1963ರ ಎಸ್‌ಜೆಸಿಇ ಕಾಲೇಜುಗಳಿವೆ. ಆದರೆ ಇವನ್ನೆಲ್ಲ ಬೆಸೆಯುವ ವಿನ್ಯಾಸ ತಂತ್ರಾಂಶ ಮಾತ್ರ ಹೆಚ್ಚಾಗಿ ಹೊರಗಿನದು, ಲೈಸೆನ್ಸ್ ದುಬಾರಿ. ಇದಕ್ಕೆ ಬದಲಾಗಿ ಬೆಳೆದ ಮುಕ್ತ ತಂತ್ರಾಂಶಗಳು ನಕ್ಷೆ ಬಿಡಿಸುವ ಕೆಲಸದಲ್ಲಿ ಪಳಗಿವೆ. ಬಿಡಿಭಾಗದ ಗುಣ, ಕಾರ್ಖಾನೆಯ ಮಿತಿ ಇವೆರಡರ ತಿಳಿವಳಿಕೆಯಲ್ಲಿ ಇನ್ನೂ ಹಿಂದಿವೆ.

ಕಥೆ ಶುರುವಾಗುವುದು ಬರ್ಕ್ಲಿಯಲ್ಲಿ. ಡೊನಾಲ್ಡ್ ಪೆಡರ್ಸನ್ ಮಾರ್ಗದರ್ಶನದಲ್ಲಿ ಲಾರೆನ್ಸ್ ನಾಗೆಲ್ ರೂಪಿಸಿದ ಸ್ಪೈಸ್ 1973ರಲ್ಲಿ ಹೊರಬಂತು. ಸರ್ಕಿಟ್ ಕಟ್ಟುವ ಮೊದಲೇ ಅದರ ವೋಲ್ಟೇಜ್, ಕರೆಂಟ್ ಲೆಕ್ಕ ಹಾಕಿ ನೋಡುವ ತಂತ್ರಾಂಶ ಅದು. ಇಂದಿನ ಎನ್‌ಜಿಸ್ಪೈಸ್ ಅದೇ ವಂಶದ್ದು. ಬೋರ್ಡಿನ ನಕ್ಷೆಯ ಕಡೆ, ಫಿಲ್ಮಿನ ಮೇಲೆ ಕಪ್ಪು ಟೇಪ್ ಅಂಟಿಸುತ್ತಿದ್ದ ಕಾಲ ಕಳೆದ ಮೇಲೆ 1992ರಲ್ಲಿ ಗ್ರೆನೋಬಲ್‌ನ ಅಧ್ಯಾಪಕ ಜಾನ್-ಪಿಯೆರ್ ಶರಾಸ್ ಕೀಕ್ಯಾಡ್ ಎಂಬ ತಂತ್ರಾಂಶ ಬರೆಯತೊಡಗಿದರು. 1998ರಲ್ಲಿ ಜಿಇಡಿಎ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಸೇರಿತು. ಆಗ ಇವುಗಳಲ್ಲಿ ಸ್ಕೀಮ್ಯಾಟಿಕ್ (ಸರ್ಕಿಟ್‌ನ ಚಿತ್ರ) ಒಂದು ಕಡೆ, ಬೋರ್ಡ್ ಇನ್ನೊಂದು ಕಡೆ. ನಡುವೆ ಯಾವುದಕ್ಕೆ ಯಾವುದು ಜೋಡಣೆ ಎಂದು ಹೇಳುವ ನೆಟ್‌ಲಿಸ್ಟ್ ಫೈಲನ್ನು ಕೈಯಾರೆ ಸಾಗಿಸಬೇಕಿತ್ತು. ಹಾಗಾಗಿ ಈಗಲ್‌ನಂಥ ವಾಣಿಜ್ಯ ತಂತ್ರಾಂಶಗಳ ಉಚಿತ ಆವೃತ್ತಿಯೇ ಎಷ್ಟೋ ವಿದ್ಯಾರ್ಥಿಗಳಿಗೆ ಸಲೀಸೆನಿಸಿತು. ಆದರೆ ಈಗಲ್‌ನ ಉಚಿತ ಆವೃತ್ತಿಯಲ್ಲಿ ಎರಡೇ ಪದರ, 80 ಚದರ ಸೆಂಟಿಮೀಟರಿನ ಬೋರ್ಡ್. ಅದಕ್ಕಿಂತ ದೊಡ್ಡದಾದರೆ ದುಡ್ಡು ಕಟ್ಟಬೇಕಿತ್ತು.

ತಿರುವು ಬಂದದ್ದು ಯುರೋಪಿನ ಭೌತವಿಜ್ಞಾನ ಸಂಸ್ಥೆ ಸರ್ನ್ ಕೀಕ್ಯಾಡ್ ಜೊತೆ ಕೈಜೋಡಿಸಿದಾಗ. ಹೊಸ ತಂತಿ ಎಳೆದಾಗ ಅಕ್ಕಪಕ್ಕದ ತಂತಿಗಳನ್ನು ತಾನೇ ಸರಿಸುವ ರೂಟರ್ ಅದರ ಕೊಡುಗೆ. 2018ರ 5ನೇ ಆವೃತ್ತಿಯಲ್ಲಿ ಎನ್‌ಜಿಸ್ಪೈಸ್ ಕೀಕ್ಯಾಡ್‌ನೊಳಗೇ ಬಂತು. 2024ರ 8, 2025ರ 9ನೇ ಆವೃತ್ತಿಗಳಲ್ಲಿ ಕಾರ್ಖಾನೆಗಳು ಬಳಸುವ ಐಪಿಸಿ-2581 ಮತ್ತು ಓಡಿಬಿ++ ಮಾದರಿಯ ಫೈಲುಗಳೂ ಸಿಗತೊಡಗಿದವು. ಅತ್ತ ಈಗಲ್‌ಗೆ 2026ರ ಜೂನ್ 7ರಿಂದಾಚೆ ಬೆಂಬಲವಿಲ್ಲವೆಂದು ಅದರ ಒಡೆಯ ಕಂಪನಿ ಆಟೊಡೆಸ್ಕ್ ಪ್ರಕಟಿಸಿತು. ಕೀಕ್ಯಾಡ್, ಎನ್‌ಜಿಸ್ಪೈಸ್ ಎರಡನ್ನೂ ಜೋಡಿಸಿ ಐಐಟಿ ಬಾಂಬೆಯ ಫಾಸ್ಸಿ ಯೋಜನೆ ನಮ್ಮ ಕಾಲೇಜುಗಳಿಗೆಂದೇ ಇ-ಸಿಮ್ ರೂಪಿಸಿದೆ.

ಇಷ್ಟಾದರೂ ಕೊರತೆಗಳಿವೆ. ಮೊದಲನೆಯದು ಬಿಡಿಭಾಗಗಳ ಲೈಬ್ರರಿ. ಬಿಸಿ547 ಮತ್ತು 2ಎನ್3904 ನೋಡಲು ಒಂದೇ ಥರದ ಮೂರು ಕಾಲಿನ ಟ್ರಾನ್ಸಿಸ್ಟರುಗಳು. ಚಪ್ಪಟೆ ಮುಖ ನಮ್ಮ ಕಡೆ ಹಿಡಿದರೆ ಮೊದಲನೆಯದರ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ವಿದ್ಯಾರ್ಥಿ ಸಾಮಾನ್ಯ ಎನ್‌ಪಿಎನ್ ಚಿಹ್ನೆಗಳ ಪಟ್ಟಿಯಿಂದ ಒಂದನ್ನು ಆರಿಸಿ, ಅಂಗಡಿಯಲ್ಲಿ ಸಿಕ್ಕ ಇನ್ನೊಂದನ್ನು ಬೆಸುಗೆ ಹಾಕಿದರೆ ಕಲೆಕ್ಟರ್, ಎಮಿಟರ್ ಅದಲುಬದಲು. ತಂತ್ರಾಂಶದ ತಪಾಸಣೆಗೆ ಇದು ಗೊತ್ತಾಗದು, ಏಕೆಂದರೆ ನಕ್ಷೆಯಲ್ಲಿ ತಪ್ಪೇ ಇಲ್ಲ. ಕೈಯಲ್ಲಿ ಹಿಡಿದ ಭಾಗಕ್ಕೂ ಲೈಬ್ರರಿಗೂ ತಾಳೆ ನೋಡಿ, ‘ಇದನ್ನು ಕಟ್ಟಿ ಪರೀಕ್ಷಿಸಲಾಗಿದೆ’ ಎಂಬ ಮುದ್ರೆಯೊತ್ತುವ ವ್ಯವಸ್ಥೆ ಬೇಕು.

ಎರಡನೆಯದು ಸಿಮ್ಯುಲೇಶನ್ ಮಾದರಿಗಳು. ಲೆಕ್ಕ ಹಾಕುವ ಎನ್‌ಜಿಸ್ಪೈಸ್ ಒಳಗೇ ಇದ್ದರೂ ಎಷ್ಟೋ ಭಾಗಗಳ ಸ್ಪೈಸ್ ಮಾದರಿಯನ್ನು ತಯಾರಕರ ಜಾಲತಾಣದಲ್ಲಿ ಹುಡುಕಿ, ಕಾಲುಗಳ ಕ್ರಮ ಹೊಂದಿಸಿಕೊಳ್ಳುವ ತಾಪತ್ರಯ ಬಳಕೆದಾರನದೇ. ಮೂರನೆಯದು ಹಲವರು ಸೇರಿ ಮಾಡುವ ಕೆಲಸ. ಫೈಲುಗಳು ಪಠ್ಯರೂಪದಲ್ಲಿವೆ ನಿಜ, ಆದರೆ ನಿನ್ನೆಯ ಬೋರ್ಡಿಗೂ ಇಂದಿನದಕ್ಕೂ ಏನು ಬದಲಾಗಿದೆ ಎಂಬುದು ಸಾಲುಗಳಲ್ಲಿ ಓದಿದರೆ ತಿಳಿಯದು, ಚಿತ್ರದಲ್ಲೇ ಕಾಣಬೇಕು. ವೇಗದ ಸಿಗ್ನಲ್, ಶಾಖ ಇವುಗಳ ವಿಶ್ಲೇಷಣೆಯಲ್ಲೂ ವಾಣಿಜ್ಯ ತಂತ್ರಾಂಶಗಳದ್ದೇ ಮೇಲುಗೈ.

ಚಿಪ್ ವಿನ್ಯಾಸದಲ್ಲಿ ಇನ್ನೊಂದು ಪಾಠ ಸಿಗುತ್ತದೆ. 2020ರಲ್ಲಿ ಚಿಪ್ ತಯಾರಕ ಸ್ಕೈವಾಟರ್‌ನ 130 ನ್ಯಾನೊಮೀಟರ್ ತಯಾರಿಕಾ ನಿಯಮಗಳು ಬಹಿರಂಗವಾದ ಮೇಲೆ ಓಪನ್‌ರೋಡ್‌ನಂಥ ಮುಕ್ತ ತಂತ್ರಾಂಶಗಳಿಂದ ನಿಜವಾದ ಚಿಪ್‌ಗಳು ಹೆಚ್ಚಾಗಿ ಹೊರಬರತೊಡಗಿದವು. ಕಾರ್ಖಾನೆ ಬಾಯಿಬಿಟ್ಟಷ್ಟೇ ತಂತ್ರಾಂಶ ಕಲಿಯುತ್ತದೆ. ಹಾಗೆಂದು ಹಾದಿ ಸುಗಮವಲ್ಲ: ಈ ಚಿಪ್‌ಗಳನ್ನು ಮಾಡಿಸಿಕೊಡುತ್ತಿದ್ದ ಎಫ್ಯಾಬ್‌ಲೆಸ್ 2025ರಲ್ಲಿ ಬಾಗಿಲು ಹಾಕಿತು.

ಬೋರ್ಡುಗಳ ವಿಷಯದಲ್ಲಿ ನಿಯಮಗಳನ್ನು ಹೀಗೆ ಬಹಿರಂಗಪಡಿಸುವ ಕೆಲಸಕ್ಕೆ ದೊಡ್ಡ ಬಂಡವಾಳವೇನೂ ಬೇಕಿಲ್ಲ. ತಂತಿ ಎಷ್ಟು ತೆಳುವಾಗಿರಬಹುದು, ರಂಧ್ರ ಎಷ್ಟು ಸಣ್ಣದಿರಬಹುದು ಎಂಬ ನಿಯಮಗಳನ್ನು ಒಂದು ಪಠ್ಯ ಫೈಲಿನಲ್ಲಿ ಬರೆದುಕೊಟ್ಟರೆ ಕೀಕ್ಯಾಡ್ ಅದರಂತೆ ಬೋರ್ಡನ್ನು ತಪಾಸಣೆ ಮಾಡುತ್ತದೆ. ಮೈಸೂರು ಸುತ್ತಿನ ತಯಾರಕರು ತಮ್ಮ ನಿಯಮಗಳನ್ನು ಹೀಗೆ ಪ್ರಕಟಿಸಬಹುದು. ಕಾಲೇಜುಗಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಮತ್ತೊಂದು ಲೈನ್ ಫಾಲೋಯರ್ ರೋಬೋಟ್ ಮಾಡಿಸುವ ಬದಲು, ಇಲ್ಲಿ ಸುಲಭವಾಗಿ ಸಿಗುವ ಹತ್ತಿಪ್ಪತ್ತು ಭಾಗಗಳನ್ನು ಅಳೆದು, ಕಟ್ಟಿ, ಪರೀಕ್ಷಿಸಿ ಲೈಬ್ರರಿಗೆ ಸೇರಿಸಿದವರಿಗೆ ಅಂಕ ಕೊಡಬಹುದು.