ನಾಯಿಮರಿಗೆ ಒಂದು ಇಂಜೆಕ್ಷನ್ ಆಯ್ತು ಅಂತ ಬೀದಿಗೆ ಬಿಡಬೇಡಿ: ಮೊದಲ ನಾಲ್ಕು ತಿಂಗಳ ಆರೈಕೆ ಹೀಗಿರಲಿ

ದೊಡ್ಡಬಳ್ಳಾಪುರ: ಚಳಿ ಶುರುವಾಯ್ತು ಅಂದ್ರೆ ನಮ್ಮ ಕಡೆ ಅಂಗಡಿ ಮೆಟ್ಟಿಲ ಕೆಳಗೆ, ಮಗ್ಗದ ಮನೆಗಳ ಹಿಂದೆ, ನಿಂತ ಲಾರಿಗಳ ಅಡಿಯಲ್ಲಿ ನಾಯಿಮರಿಗಳು ಕಾಣಿಸಿಕೊಳ್ಳುತ್ತವೆ. ಮಕ್ಕಳು ಒಂದನ್ನ ಎತ್ತಿಕೊಂಡು ಮನೆಗೆ ತರ್ತಾರೆ. ಅಂಗಡಿಯವರು ಬಿಸ್ಕತ್ತು ಹಾಕ್ತಾರೆ. ತಿಂಗಳು ಕಳೆಯೋದರೊಳಗೆ ಅದರಲ್ಲಿ ಎಷ್ಟೋ ಮರಿಗಳು ಇರೋದೇ ಇಲ್ಲ.

ಕಳೆದ ವರ್ಷ ನಮ್ಮ ಬೀದಿಯ ಅಂಗಡಿಯೊಂದರಲ್ಲಿ ನಡೆದದ್ದು ಹೇಳ್ತೀನಿ. ಎರಡು ತಿಂಗಳ ಮರಿ, ಒಂದು ಇಂಜೆಕ್ಷನ್ ಹಾಕಿಸಿದ್ದರು. ವಾರ ಕಳೆದ ಮೇಲೆ ಸಂತೆಗೆ ಹೋಗುವಾಗ ಜೊತೆಗೆ ಕರೆದುಕೊಂಡು ಹೋದರು. ಐದನೇ ದಿನಕ್ಕೆ ಮರಿ ಊಟ ಬಿಟ್ಟಿತು, ವಾಂತಿ ಶುರುವಾಯ್ತು. ಏನೋ ತಿಂದಿರಬೇಕು ಅಂತ ಒಂದು ದಿನ ಕಾದರು. ಮರುದಿನ ರಕ್ತಭೇದಿ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಪ್ರಾಣ ಹೋಗಿತ್ತು. ಮನೆಯ ಹುಡುಗಿ ಅಳು ನಿಲ್ಲಿಸಲಿಲ್ಲ ಅಂತ ಇಪ್ಪತ್ತು ದಿನ ಬಿಟ್ಟು ಇನ್ನೊಂದು ಮರಿ ತಂದು, ಅದೇ ಗೋಣಿಚೀಲದ ಮೇಲೆ ಮಲಗಿಸಿದರು. ಅದೂ ಹೋಯ್ತು. ಅಂಗಡಿಯವರು ನನ್ನ ಕೇಳಿದ್ದು ಒಂದೇ ಮಾತು: "ಇಂಜೆಕ್ಷನ್ ಹಾಕ್ಸಿದ್ವಲ್ಲಪ್ಪಾ, ಆದ್ರೂ ಯಾಕೆ ಹೋಯ್ತು?"

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬರೆದದ್ದು ಇದು.

ಒಂದು ಇಂಜೆಕ್ಷನ್ ಯಾಕೆ ಸಾಲಲ್ಲ?

ಹಸು ಕರು ಹಾಕಿದಾಗ ಮೊದಲ ಗಿಣ್ಣು ಹಾಲು ಕರುವಿಗೆ ಕುಡಿಸಲೇಬೇಕು ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾಯಿಗೂ ಅದೇ ಲೆಕ್ಕ. ಹುಟ್ಟಿದ ಮೊದಲ ಒಂದು ದಿನದಲ್ಲಿ ಕುಡಿಯುವ ತಾಯಿಯ ಹಾಲಿನಿಂದ ಮರಿಗೆ ರೋಗ ತಡೆಯುವ ಶಕ್ತಿ ಬರುತ್ತದೆ. ಈ ಶಕ್ತಿ ಆರನೇ ವಾರದಿಂದ ಹದಿನಾರನೇ ವಾರದ ಒಳಗೆ ಮೆಲ್ಲಗೆ ಕರಗಿ ಹೋಗುತ್ತದೆ. ಯಾವ ಮರಿಗೆ ಯಾವಾಗ ಅಂತ ಕಣ್ಣಲ್ಲಿ ನೋಡಿ ಹೇಳೋಕಾಗಲ್ಲ.

ತೊಂದರೆ ಇರೋದು ಇಲ್ಲೇ. ತಾಯಿಯಿಂದ ಬಂದ ಶಕ್ತಿ ಇನ್ನೂ ಉಳಿದಿದ್ದರೆ ಅದು ಲಸಿಕೆಯನ್ನೂ ಹೊಡೆದುಹಾಕುತ್ತದೆ, ಅಂದರೆ ಹಾಕಿಸಿದ ಇಂಜೆಕ್ಷನ್ ಹಿಡಿಯೋದಿಲ್ಲ. ಆಮೇಲೆ ತಾಯಿಯ ಶಕ್ತಿ ಮುಗಿದಾಗ ಮರಿಗೆ ಎರಡೂ ಕಡೆಯ ರಕ್ಷಣೆ ಇರೋದಿಲ್ಲ. ಅದಕ್ಕೇ ಡಾಕ್ಟರು ಎರಡರಿಂದ ನಾಲ್ಕು ವಾರಕ್ಕೊಂದರಂತೆ ಮತ್ತೆ ಮತ್ತೆ ಹಾಕ್ತಾರೆ. ಇದು ದುಡ್ಡಿಗಾಗಿ ಮಾಡೋ ಕೆಲಸ ಅಂತ ಕೆಲವರು ತಿಳ್ಕೊಂಡಿದ್ದಾರೆ, ಅದು ತಪ್ಪು. ಕೊನೆಯ ಡೋಸ್ 16 ವಾರ ತುಂಬಿದ ಮೇಲೆ ಬೀಳಬೇಕು ಅನ್ನೋದು ಜಗತ್ತಿನ ಪಶುವೈದ್ಯರೆಲ್ಲ ಒಪ್ಪಿರುವ ಕ್ರಮ. ಇಂಜೆಕ್ಷನ್ ಹಾಕಿಸಿದ ದಿನವೇ ರಕ್ಷಣೆ ಬಂದುಬಿಡೋದಿಲ್ಲ, ಅದಕ್ಕೂ ಒಂದೆರಡು ವಾರ ಬೇಕು.

ಲಸಿಕೆ, ಜಂತುಹುಳು ಔಷಧಿ: ಯಾವಾಗ ಏನು?

- 2 ವಾರ: ಮೊದಲ ಜಂತುಹುಳು ಔಷಧಿ. ಆಮೇಲೆ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ.
- 6ರಿಂದ 8 ವಾರ: ಪಾರ್ವೊ, ಡಿಸ್ಟೆಂಪರ್ ಸೇರಿದ ಮೊದಲ ಲಸಿಕೆ.
- 10ರಿಂದ 12 ವಾರ: ಎರಡನೇ ಡೋಸ್. ಇಲಿ ಜ್ವರದ ಲಸಿಕೆ ಸೇರಿಸಬೇಕಾ ಅಂತ ಡಾಕ್ಟರನ್ನ ಕೇಳಿ.
- 12 ವಾರ ತುಂಬಿದ ಮೇಲೆ: ರೇಬೀಸ್ ಲಸಿಕೆ.
- 16 ವಾರ: ಕೊನೆಯ ಡೋಸ್. ಆಮೇಲೆ ವರ್ಷದ ಬೂಸ್ಟರ್.

ಔಷಧಿ ಎಷ್ಟು ಕೊಡಬೇಕು ಅನ್ನೋದು ತೂಕದ ಮೇಲೆ ನಿಂತಿದೆ. ಆದ್ದರಿಂದ ಮರಿಯನ್ನ ತೂಗಿಸದೆ ಮೆಡಿಕಲ್ ಸ್ಟೋರಿನಲ್ಲಿ ಅಂದಾಜಿಗೆ ಔಷಧಿ ತರಬೇಡಿ. ಕಿರಾಣಿ ಅಂಗಡಿಯ ತಕ್ಕಡಿ ಇದ್ದರೂ ಸಾಕು. ರೌಂಡ್‌ವರ್ಮ್ ಅನ್ನೋ ಹುಳು ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮರಿಗೆ ಬರುತ್ತದೆ, ಹಾಲಿನಿಂದಲೂ ಬರುತ್ತದೆ. ಹೊಟ್ಟೆ ಉಬ್ಬಿಕೊಂಡು ಪಕ್ಕೆಲುಬು ಕಾಣ್ತಿದ್ದರೆ "ಚೆನ್ನಾಗಿ ತಿಂದಿದೆ" ಅಂದುಕೊಳ್ಳಬೇಡಿ, ಅದು ಹೆಚ್ಚಾಗಿ ಹುಳುವಿನ ಹೊಟ್ಟೆ.

ಲಸಿಕೆಯನ್ನ 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಹೊರಗೆ ಕೊಂಡು ತರಬೇಕಾದರೆ ಐಸ್ ಇಟ್ಟ ಫ್ಲಾಸ್ಕಿನಲ್ಲಿ ತನ್ನಿ. ಬೈಕಿನ ಡಿಕ್ಕಿಯಲ್ಲಿ ಬಿಸಿಲಿಗೆ ಕಾದ ಲಸಿಕೆ ನೀರಿಗೆ ಸಮ. ಯಾವ ದಿನ ಯಾವ ಲಸಿಕೆ ಬಿತ್ತು ಅಂತ ಕಾರ್ಡ್ ಬರೆಸಿಕೊಳ್ಳಿ, ಸೀಸೆಯ ಮೇಲಿನ ಸ್ಟಿಕ್ಕರ್ ಅದಕ್ಕೆ ಅಂಟಿಸಲು ಹೇಳಿ.

ಕಣ್ಣು ಬಿಡದ ಮರಿ ಸಿಕ್ಕರೆ

ಮೊದಲು ಕೈ ಹಾಕಬೇಡಿ. ತಾಯಿ ಊಟ ಹುಡುಕಿಕೊಂಡು ಹೋಗಿರಬಹುದು. ಜಾಗ ಸುರಕ್ಷಿತವಾಗಿದ್ದರೆ ಒಂದೆರಡು ಗಂಟೆ ದೂರದಿಂದ ನೋಡಿ. ತಾಯಿ ಬಂದರೆ ಮರಿ ಅಲ್ಲೇ ಇರಲಿ. ನೀವು ತಾಯಿಗೆ ಊಟ, ನೀರು ಕೊಟ್ಟರೆ ಮರಿಗಳಿಗೆ ಕೊಟ್ಟ ಹಾಗೆ.

ವಯಸ್ಸು ಗೊತ್ತುಮಾಡಿಕೊಳ್ಳೋದು ಸುಲಭ. ಕಣ್ಣು ಮುಚ್ಚಿದ್ದರೆ ಎರಡು ವಾರದ ಒಳಗಿನದು. ಕಣ್ಣು ಬಿಡೋದು 10ರಿಂದ 14 ದಿನಕ್ಕೆ. ಹಾಲುಹಲ್ಲು ಚುಚ್ಚುತ್ತಿದ್ದರೆ ಮೂರು-ನಾಲ್ಕು ವಾರ.

ತಾಯಿ ಸತ್ತಿದ್ದು ಖಚಿತವಾದರೆ ಮೊದಲ ಕೆಲಸ ಬೆಚ್ಚಗಿಡೋದು. ಇಷ್ಟು ಚಿಕ್ಕ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳೋ ಶಕ್ತಿಯೂ ಇರೋದಿಲ್ಲ. ರಟ್ಟಿನ ಡಬ್ಬದಲ್ಲಿ ಹಳೆ ಬಟ್ಟೆ ಹಾಸಿ, ಬಾಟಲಿಗೆ ಬಿಸಿನೀರು ತುಂಬಿ ದಪ್ಪ ಬಟ್ಟೆ ಸುತ್ತಿ ಒಂದು ಮೂಲೆಯಲ್ಲಿಡಿ. ಸೆಕೆಯಾದರೆ ಮರಿ ಸರಿದು ಹೋಗೋಕೆ ಇನ್ನೊಂದು ಮೂಲೆ ಖಾಲಿ ಇರಬೇಕು. ಮೈ ತಣ್ಣಗಿರುವ ಮರಿಗೆ ಹಾಲು ಹಾಕಲೇಬೇಡಿ, ಹೊಟ್ಟೆಯಲ್ಲಿ ಅರಗೋದಿಲ್ಲ. ಮೊದಲು ಬೆಚ್ಚಗಾಗಲಿ.

ಹಸುವಿನ ಹಾಲು ನಾಯಿಮರಿಗೆ ಸರಿಯಲ್ಲ. ನಾಯಿ ಹಾಲಿನಲ್ಲಿ ಕೊಬ್ಬು, ಪ್ರೋಟೀನ್ ಜಾಸ್ತಿ. ಹಸುವಿನ ಹಾಲಿನಲ್ಲಿ ಅವು ಕಡಿಮೆ, ಸಕ್ಕರೆಯ ಅಂಶ ಜಾಸ್ತಿ, ಅದರಿಂದ ಭೇದಿ ಆಗುತ್ತದೆ. ಮರಿಗಳಿಗೆಂದೇ ಬರುವ ಹಾಲಿನ ಪುಡಿ ಪೆಟ್ ಅಂಗಡಿಗಳಲ್ಲಿ ಸಿಗುತ್ತದೆ. ಮೊದಲ ವಾರ ಎರಡು-ಮೂರು ಗಂಟೆಗೊಮ್ಮೆ ಕೊಡಬೇಕು, ರಾತ್ರಿಯೂ ಸೇರಿ. ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿ, ತಾಯಿ ಹತ್ತಿರ ಮಲಗಿದ ಹಾಗೆ ಇರಲಿ. ಪ್ರತಿ ಸಲ ಹಾಲು ಕುಡಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಿ. ತಾಯಿ ನೆಕ್ಕದೆ ಇದ್ದರೆ ಮೊದಲ ಎರಡು-ಮೂರು ವಾರ ಮರಿ ತಾನಾಗಿ ಮೂತ್ರ ಮಾಡೋದಿಲ್ಲ.

ದಿನಾ ತೂಗಿ ಬರೆದಿಡಿ. ತೂಕ ದಿನದಿಂದ ದಿನಕ್ಕೆ ಏರಬೇಕು. ಒಂದು ದಿನ ಏರದಿದ್ದರೂ ಡಾಕ್ಟರಿಗೆ ತೋರಿಸಿ.

ಪಾರ್ವೊ: ನೆಲದಲ್ಲೇ ಉಳಿಯೋ ರೋಗ

ಇದು ಹಳೆ ಕಾಲದ ರೋಗವಲ್ಲ. 1978ರ ಸುಮಾರಿಗೆ ಹೊರದೇಶಗಳಲ್ಲಿ ಕಾಣಿಸಿಕೊಂಡು, ಒಂದೆರಡು ವರ್ಷದಲ್ಲೇ ಜಗತ್ತಿನೆಲ್ಲೆಡೆ ಹರಡಿತು. ರೋಗ ಬಂದ ನಾಯಿಯ ಮಲದಲ್ಲಿ ವೈರಸ್ ಹೊರಗೆ ಬೀಳುತ್ತದೆ. ಅದು ಚಪ್ಪಲಿಗೆ, ಬೈಕ್ ಚಕ್ರಕ್ಕೆ, ಗೋಣಿಚೀಲಕ್ಕೆ ಅಂಟಿಕೊಂಡು ಮನೆ ಒಳಗೇ ಬರುತ್ತದೆ. ಬೀದಿಗೆ ಬಿಡದ ಮರಿಗೂ ಬರೋದು ಹೀಗೆ. ನೆರಳಿರುವ ತೇವದ ಜಾಗದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಜೀವಂತ ಇರುತ್ತದೆ. ನಮ್ಮ ಬೀದಿಯ ಆ ಎರಡನೇ ಮರಿ ಸತ್ತದ್ದಕ್ಕೆ ಆ ಗೋಣಿಚೀಲವೇ ಸಾಕಿತ್ತು.

ಲಕ್ಷಣ: ಮಂಕಾಗಿ ಮಲಗೋದು, ಊಟ ಬಿಡೋದು, ವಾಂತಿ, ಆಮೇಲೆ ಕೆಟ್ಟ ವಾಸನೆಯ ರಕ್ತ ಕಲೆತ ಭೇದಿ. ಸಾಮಾನ್ಯವಾಗಿ ಸೋಂಕು ತಗುಲಿದ ಮೂರರಿಂದ ಏಳು ದಿನಕ್ಕೆ ಶುರುವಾಗುತ್ತದೆ. ವೈರಸ್ಸನ್ನೇ ಕೊಲ್ಲೋ ಮಾತ್ರೆ ಅಂತ ಕೈಗೆ ಸಿಗೋದಿಲ್ಲ. ಡ್ರಿಪ್ ಹಾಕಿ ನೀರಿನಂಶ ಕಾಪಾಡಿ, ವಾಂತಿ ನಿಲ್ಲಿಸಿ, ಬೇರೆ ಸೋಂಕು ಸೇರದಂತೆ ನೋಡಿಕೊಂಡರೆ ಬಹಳ ಮರಿಗಳು ಉಳಿಯುತ್ತವೆ. ಹಾಗೇ ಬಿಟ್ಟರೆ ಹೆಚ್ಚಿನವು ಸಾಯುತ್ತವೆ. ಆದ್ದರಿಂದ ವಾಂತಿ ಶುರುವಾದ ದಿನವೇ ಹೊರಡಬೇಕು, "ನಾಳೆ ನೋಡೋಣ" ಅನ್ನೋದು ಬೇಡ. ಮನುಷ್ಯರ ಭೇದಿ ಮಾತ್ರೆ, ನೋವಿನ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮರಿಗೆ ವಿಷ ಆಗಬಹುದು.

ನೆಲ ತೊಳೆಯೋಕೆ ಫಿನಾಯಿಲ್ ನಂಬಬೇಡಿ, ಪಾರ್ವೊ ಅದಕ್ಕೆ ಬಗ್ಗೋದಿಲ್ಲ. ಮೊದಲು ಸೋಪು ನೀರಿನಲ್ಲಿ ಗಲೀಜು ತೆಗೆದು, ಬಟ್ಟೆಗೆ ಬಳಸೋ ಕ್ಲೋರಿನ್ ಬ್ಲೀಚ್ ಒಂದು ಪಾಲಿಗೆ 30 ಪಾಲು ನೀರು ಸೇರಿಸಿ ಹತ್ತು ನಿಮಿಷ ನೆಲದ ಮೇಲೆ ಬಿಡಿ. ಆಮೇಲೆ ನೀರಿನಲ್ಲಿ ತೊಳೆಯಿರಿ. ಇದರ ಜೊತೆ ಆ್ಯಸಿಡ್ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ. ಹಳೆ ಗೋಣಿಚೀಲ, ರಟ್ಟು ಸುಟ್ಟುಹಾಕಿ. ಮಣ್ಣಿನ ಅಂಗಳ ಇದ್ದರೆ ಲಸಿಕೆ ಪೂರ್ತಿಯಾಗದ ಮರಿಯನ್ನ ಅಲ್ಲಿಗೆ ಒಂದು ವರ್ಷ ತರದೇ ಇರೋದೇ ಒಳ್ಳೆಯದು. ಪಾರ್ವೊ ನಾಯಿಯಿಂದ ಮನುಷ್ಯರಿಗೆ ಬರೋದಿಲ್ಲ, ಆ ಭಯ ಬೇಡ.

ಕಣ್ಣು-ಮೂಗಲ್ಲಿ ಕೀವು, ಜ್ವರ, ಕೆಮ್ಮು, ಆಮೇಲೆ ತಲೆ-ಕಾಲು ಅದುರೋದು ಅಥವಾ ಫಿಟ್ಸ್ ಬಂದರೆ ಅದು ಡಿಸ್ಟೆಂಪರ್ ಇರಬಹುದು. ಇದು ಗಾಳಿಯಲ್ಲೂ ಹರಡುತ್ತದೆ. ಬೇರೆ ನಾಯಿಗಳಿಂದ ಆ ಮರಿಯನ್ನ ಕೂಡಲೇ ದೂರ ಇಡಿ.

ಊಟ: ನಮ್ಮೂರಲ್ಲೇ ಇರೋ ಅಪಾಯಗಳು

ನಾಲ್ಕನೇ ವಾರದಿಂದ ಮೆತ್ತಗಿನ ಊಟ ಶುರುಮಾಡಬಹುದು. ದಿನಕ್ಕೆ ಮೂರು-ನಾಲ್ಕು ಸಲ, ಸ್ವಲ್ಪ ಸ್ವಲ್ಪ. ಬರೀ ಮುದ್ದೆ, ಬರೀ ಹಾಲು-ಅನ್ನ ಸಾಲದು. ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿ ಮಾಂಸ ಸೇರಬೇಕು. ಬಿಸ್ಕತ್ತು ಹೊಟ್ಟೆ ತುಂಬಿಸುತ್ತದೆ, ಬೆಳೆಸೋದಿಲ್ಲ.

ಹೊಸಕೋಟೆಯ ದಮ್ ಬಿರಿಯಾನಿಗೆ ಬೆಳಗಿನ ಜಾವವೇ ಜನ ಸಾಲು ನಿಲ್ಲುತ್ತಾರೆ. ಅಲ್ಲಿ ಎಲೆಯಲ್ಲಿ ಉಳಿದದ್ದು ಮರಿಗೆ ಬೀಳುತ್ತದೆ. ಬೆಂದ ಮೂಳೆ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಮಸಾಲೆಯಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕ್ಕೆ ಕೆಟ್ಟದ್ದು. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿ ತೋಟ ಇರುವವರು ಗಮನಿಸಿ: ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸಬಲ್ಲವು. ಉದುರಿದ ಹಣ್ಣು ಮರಿ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ. ಬೇಕರಿಯವರು ಚಾಕೊಲೇಟ್ ಕೇಕ್ ಹಾಕಬೇಡಿ. ಕಿರಾಣಿ ಅಂಗಡಿಯವರು ಇಲಿ ಪಾಷಾಣವನ್ನ ಮರಿ ಓಡಾಡೋ ಜಾಗದಲ್ಲಿ ಇಡಬೇಡಿ.

ಉಣ್ಣೆ, ಚಿಗಟ ಬಿದ್ದಿದೆ ಅಂತ ಹಸುಗಳಿಗೆ ಹಚ್ಚೋ ಔಷಧಿಯನ್ನ ಮರಿಗೆ ಹಚ್ಚೋದು ಹಳ್ಳಿಗಳಲ್ಲಿ ಮಾಮೂಲು. ಇದರಿಂದ ಮರಿ ನಡುಗಿ, ಫಿಟ್ಸ್ ಬಂದು ಸಾಯಬಹುದು. ತೀರಾ ಚಿಕ್ಕ ಮರಿಗೆ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಕೈಗವಸು ಹಾಕಿ ಚಿಮಟದಲ್ಲಿ ಉಣ್ಣೆ ತೆಗೆಯೋದೇ ಸರಿ. ಉಣ್ಣೆ ಜಾಸ್ತಿಯಾಗಿ ಒಸಡು ಬಿಳುಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಅಂತ ಅರ್ಥ, ತಡಮಾಡಬೇಡಿ.

ಅಂಗಡಿ ಮುಂದೆ ನಿಲ್ಲಿಸಿದ ಗಾಡಿ ತೆಗೆಯುವ ಮೊದಲು ಒಮ್ಮೆ ಬಗ್ಗಿ ನೋಡಿ. ನೆಲಮಂಗಲದಂಥ ಹೆದ್ದಾರಿ ಊರಲ್ಲಿ ರೋಗದಷ್ಟೇ ಭಯ ಚಕ್ರದ್ದು.

ಮಕ್ಕಳಿದ್ದ ಮನೆಯವರು ಇದನ್ನ ಓದಲೇಬೇಕು

ಪುಟ್ಟ ಮರಿಗೆ ರೇಬೀಸ್ ಇರಲ್ಲ ಅನ್ನೋದು ಸುಳ್ಳು. ಹುಚ್ಚು ನಾಯಿ ಕಚ್ಚಿದ್ದರೆ ಮರಿಗೂ ಬರುತ್ತದೆ, ಮರಿಯಿಂದ ಮಗುವಿಗೂ ಬರುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸೋದು ಅಸಾಧ್ಯ ಅನ್ನುವಷ್ಟು ಕಷ್ಟ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬೀಸನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಿಸಿದೆ.

ಮರಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ ಹರಿಯೋ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರುಮಾಡಿ. ಅವರು ಹೇಳಿದ ಅಷ್ಟೂ ದಿನ ತಪ್ಪದೆ ಹಾಕಿಸಿ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಹಾಕುವ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕಾಗುತ್ತದೆ, ಅದನ್ನ ನೀವೇ ಕೇಳಿ. ಮರಿಯ ಮಲವನ್ನ ದಿನಾ ಎತ್ತಿಹಾಕಿ, ಮಕ್ಕಳು ಆಟ ಆಡಿದ ಮೇಲೆ ಕೈ ತೊಳೆಸಿ. ನಾಯಿಯ ಜಂತುಹುಳು ಮಕ್ಕಳಿಗೂ ಅಂಟುತ್ತದೆ.

ಎಲ್ಲಿಗೆ ಒಯ್ಯಬೇಕು?

ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಪಶುಪಾಲನಾ ಇಲಾಖೆಯ ಪಶು ಆಸ್ಪತ್ರೆ ಇದೆ. ನಮ್ಮ ಜನ ದನದ ಆಸ್ಪತ್ರೆ ಅಂತಾರೆ, ನಾಯಿಯನ್ನೂ ಅಲ್ಲಿ ತೋರಿಸಬಹುದು. ಯಾವ ಲಸಿಕೆ ಸ್ಟಾಕ್ ಇದೆ ಅಂತ ಮೊದಲೇ ಕೇಳಿಕೊಂಡು ಹೋದರೆ ಓಡಾಟ ಉಳಿಯುತ್ತದೆ. ಇಲಾಖೆಯ ಸಹಾಯವಾಣಿ 1962. ಡ್ರಿಪ್ ಹಾಕಿ ಮಲಗಿಸಿಕೊಳ್ಳಬೇಕಾದ ಕೇಸುಗಳನ್ನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳಿಸೋದುಂಟು. ಮರಿಯನ್ನ ಬಟ್ಟೆ ಹಾಸಿದ ಡಬ್ಬದಲ್ಲಿ ಒಯ್ಯಿರಿ, ಆಸ್ಪತ್ರೆಯ ನೆಲಕ್ಕೆ ಬಿಡಬೇಡಿ. ಅಲ್ಲಿಗೆ ಕಾಯಿಲೆ ನಾಯಿಗಳೇ ಬರೋದು.

ದುಡ್ಡು ಕೊಟ್ಟು ಮರಿ ತರೋರು ಒಂದು ನೆನಪಿಡಿ. 2017ರ ಕೇಂದ್ರದ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನ ಮಾರುವಂತಿಲ್ಲ. "ಚಿಕ್ಕದಿದ್ರೆ ಬೇಗ ಹೊಂದ್ಕೊಳ್ಳುತ್ತೆ" ಅಂತ ಮೂವತ್ತು ದಿನದ ಮರಿ ಕೊಡೋಕೆ ಬಂದರೆ ಬೇಡ ಅನ್ನಿ. ಬೇಡ ಅಂತ ಆದ ಮೇಲೆ ಮರಿಯನ್ನ ರಸ್ತೆ ಬದಿ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಹದಿನಾರು ವಾರ ಅಂದ್ರೆ ನಾಲ್ಕು ತಿಂಗಳಿಗೂ ಸ್ವಲ್ಪ ಕಡಿಮೆ. ಅಷ್ಟು ದಿನ ಮರಿ ಮನೆ ಒಳಗೆ ಅಥವಾ ಮಹಡಿ ಮೇಲೆ ಆಡಲಿ. ಹೊರಗೆ ತೋರಿಸಬೇಕು ಅನ್ನಿಸಿದರೆ ಎತ್ತಿಕೊಂಡೇ ಹೋಗಿ. ಚಪ್ಪಲಿ ಬಾಗಿಲಾಚೆ ಬಿಡಿ. ನಮ್ಮ ಬೀದಿಯ ಆ ಅಂಗಡಿಯವರು ಈ ಸಲ ಗೋಣಿಚೀಲ ಸುಟ್ಟು, ನೆಲಕ್ಕೆ ಬ್ಲೀಚ್ ಹಾಕಿ, ಮೂರನೇ ಮರಿ ತಂದಿದ್ದಾರೆ. ಎರಡು ಡೋಸ್ ಆಗಿದೆ, ಇನ್ನೊಂದು ಬಾಕಿ. ಲಸಿಕೆ ಕಾರ್ಡನ್ನ ಗಲ್ಲಾಪೆಟ್ಟಿಗೆಯ ಮೇಲೆ ದೇವರ ಪಟದ ಪಕ್ಕದಲ್ಲೇ ಸಿಕ್ಕಿಸಿದ್ದಾರೆ. ಮರಿ ಇನ್ನೂ ಶೆಟರ್ ದಾಟಿ ಹೊರಗೆ ಬಂದಿಲ್ಲ.