ರಾತ್ರಿ ಶಾಲೆಯಿಂದ ಆನ್‌ಲೈನ್ ಡಿಗ್ರಿವರೆಗೆ: ಮುಂಬಯಿಯಲ್ಲಿ ದುಡಿಯುತ್ತಲೇ ಓದಿದವರ ಕಥೆ

ಪೊವಾಯಿ, ಐರೋಳಿ, ಗೋರೆಗಾಂವ್ ಕಡೆ ಐಟಿ ಕೆಲಸ ಮಾಡ್ಕೊಂಡೇ ಆನ್‌ಲೈನ್‌ನಲ್ಲಿ ಎಂಸಿಎ, ಎಂಬಿಎ ಓದ್ತಿರೋರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. "ಇದು ರೆಗ್ಯುಲರ್ ಅಲ್ವಂತೆ, ಇದಕ್ಕೆ ಬೆಲೆ ಇದ್ಯಾ?" ಅನ್ನೋ ಮಾತನ್ನೂ ಕೇಳಿರ್ತೀರಿ. ಈ ಪ್ರಶ್ನೆ ಇವತ್ತಿಂದಲ್ಲ. ಈ ಊರಲ್ಲಿ ಕನ್ನಡಿಗರು ಇದನ್ನ ನೂರು ವರ್ಷದಿಂದ ಎದುರಿಸ್ತಾ ಬಂದಿದ್ದಾರೆ.

ಕರಾವಳಿಯಿಂದ ಬಂದ ಹುಡುಗರು ಹಗಲು ಹೋಟೆಲಲ್ಲೋ ಕ್ಯಾಂಟೀನಲ್ಲೋ ದುಡೀತಿದ್ರು. ಶಾಲೆ ನಡೆಯೋದೂ ಹಗಲಲ್ಲೇ. ಹಾಗಾದ್ರೆ ಓದೋದು ಯಾವಾಗ? ಇದಕ್ಕೆ ಉತ್ತರ ಹುಡುಕಿದ್ದು ಸರ್ಕಾರವಲ್ಲ, ನಮ್ಮ ಸಂಘಗಳು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿ ಉಚಿತ ರಾತ್ರಿ ಶಾಲೆ ತೆರೆಯಿತು. ಮುಂದೆ ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆಯಂಥವೂ ಬಂದವು. ಅಲ್ಲಿ ಕಲಿತದ್ದು ಕನ್ನಡ ಮಾಧ್ಯಮದಲ್ಲಿ, ಅದೂ ದಿನದ ದುಡಿಮೆ ಮುಗಿದ ಮೇಲೆ.

ಮೆಟ್ರಿಕ್ ಆಯ್ತು, ಡಿಗ್ರಿ? 1946ರಲ್ಲಿ ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಸಿದ್ಧಾರ್ಥ ಕಾಲೇಜು ಶುರುಮಾಡಿತು. ನೌಕರಿ ಮಾಡೋರಿಗೆ ಅನುಕೂಲವಾಗಲಿ ಅಂತ ಅಲ್ಲಿ ಬೆಳಗಿನ ತರಗತಿಗಳಿದ್ದವು. ಆದ್ರೆ ಅಲ್ಲಿಗೂ ದಿನಾ ಹೋಗಲೇಬೇಕು. ಪಾಳಿ ಬದಲಾದ್ರೆ ಓದು ನಿಂತಹಾಗೇ.

ಆ ಕಟ್ಟು ಸಡಿಲವಾಗಿದ್ದು ಅಂಚೆಯಿಂದ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ, ಮೈಸೂರು 1969ರಲ್ಲಿ, ಮುಂಬಯಿ 1971ರಲ್ಲಿ ಅಂಚೆ ಶಿಕ್ಷಣ ಆರಂಭಿಸಿದವು. ಪಾಠ ಅಂಚೆಯಲ್ಲಿ ಮನೆಗೆ ಬರ್ತಿತ್ತು, ಪರೀಕ್ಷೆಗೆ ಮಾತ್ರ ಹೋದ್ರೆ ಸಾಕು. ಮುಂಬಯಿಯ ಆ ವಿಭಾಗವೇ ಮುಂದೆ ಕಲೀನಾದ 'ಐಡಾಲ್' ಆಯಿತು. 1985ರಲ್ಲಿ ಇಗ್ನೋ, 1989ರಲ್ಲಿ ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ, 1996ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬಂದವು.

ಈ ಚರಿತ್ರೆಯಲ್ಲಿ ಒಂದು ಕಹಿ ಅಧ್ಯಾಯವೂ ಇದೆ. ಮೈಸೂರಿನ ಮುಕ್ತ ವಿವಿಯ ಕೋರ್ಸುಗಳು ಖಾಸಗಿ ಸಹಭಾಗಿಗಳ ಮೂಲಕ ರಾಜ್ಯದ ಗಡಿ ದಾಟಿ ಹರಡಿದವು. 2012-13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಡುವೆ ನಲುಗಿದವರು ವಿದ್ಯಾರ್ಥಿಗಳು. ಓದಿದ್ದು ನಿಜ, ಫೀಸು ಕಟ್ಟಿದ್ದೂ ನಿಜ. ಕೈಯಲ್ಲಿದ್ದ ಕಾಗದ ಮಾತ್ರ ಅನುಮಾನಕ್ಕೆ ಸಿಕ್ಕಿತು.

ಈಗಿನ ಕಾನೂನು ಸ್ಪಷ್ಟವಾಗಿದೆ. ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ರೆಗ್ಯುಲರ್ ಪದವಿಗೆ ಸಮಾನ ಅಂತ 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ತಿಳಿಸಿದೆ. ಆದ್ರೆ ಗಮನಿಸಿ: ಎಂಜಿನಿಯರಿಂಗ್ ಪದವಿ ಈ ದಾರಿಯಲ್ಲಿ ಸಿಗೋದಿಲ್ಲ. "ಮನೇಲಿ ಕೂತು ಬಿಇ ಮಾಡಿ" ಅಂತ ಯಾರಾದ್ರೂ ಫೋನ್ ಮಾಡಿದ್ರೆ ನಂಬಬೇಡಿ. ಯಾವ ಕೋರ್ಸಿಗೇ ಸೇರೋದಿದ್ರೂ, ಆ ವರ್ಷಕ್ಕೆ, ಆ ಕೋರ್ಸಿಗೇ ಅನುಮತಿ ಇದ್ಯಾ ಅಂತ ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ನೀವೇ ನೋಡ್ಕೊಳ್ಳಿ. ಏಜೆಂಟರ ಮಾತು ಸಾಲದು.

1908ರಲ್ಲಿ ಬೇಕಾಗಿದ್ದು ಒಂದು ದೀಪ, ಒಂದು ಕೋಣೆ, ಪಾಠ ಹೇಳೋ ಒಬ್ಬ ಮೇಷ್ಟ್ರು. ಇವತ್ತು ಮೊಬೈಲ್ ಸಾಕು. ಆದ್ರೆ ದುಡಿದು ದಣಿದ ಮೇಲೂ ಪುಸ್ತಕ ತೆರೆಯೋ ಛಲ ಅವತ್ತಿನದ್ದೇ. ಹಾಗೆ ಗಳಿಸಿದ ಡಿಗ್ರಿ ಕಡಿಮೆಯದು ಅಂತ ಅನ್ನೋರಿಗೆ ಈ ಊರಿನ ರಾತ್ರಿ ಶಾಲೆಗಳ ಕಥೆ ಹೇಳಿ.